ಮೇಡಂ ‘ನಿಲ್ಸಿ’ ಅನ್ನದ ಭಾನುವಾರ

ನನ್ನ ಪಿಸ್ತೂಲಿನ ಮೂತಿ ತಪ್ಪು ಕಡೆಗೆ ತಿರುಗಿತು, ಮೇಡಂ ‘ನಿಲ್ಸಿ’ ಅನ್ನಲಿಲ್ಲ. ಇದಾಗಿ ಎರಡು ವರ್ಷವಾಯಿತು. ಈಗಲೂ ಹಾಲು ಕಾಯಿಸುತ್ತ ನಿಂತಿರುವಾಗಲೋ ಸಿಗ್ನಲ್ಲಿನಲ್ಲಿ ಕಾಯುತ್ತಿರುವಾಗಲೋ ಆ ಕ್ಷಣ ನೆನಪಾಗಿಬಿಡುತ್ತದೆ. ಹೋದ ವಾರ ಅವರ ತಂಗಿ ಫೋನ್ ಮಾಡಿದ್ದರು. “ಅಕ್ಕ ಹೋಗ್ಬಿಟ್ಲಮ್ಮ. ಕಾಫಿಗೆ ಎಬ್ಬಿಸೋಕೆ ಹೋದೆ, ಏಳ್ಲೇ ಇಲ್ಲ” ಅಂದರು. ಮಣ್ಣು ಮಾಡಿ ಬಂದ ಮೇಲೂ ನನಗೆ ಅಳು ಬರಲಿಲ್ಲ. ಬೆಪ್ಪಾಗಿ ಕೂತಿದ್ದೆ, ಅಷ್ಟೇ. ಇದನ್ನು ಬರೆಯಲು ಕೂತಿರುವುದೂ ಅದೇ ಸ್ಥಿತಿಯಲ್ಲಿ.

ಹೆಸರು ಬೇಡ. ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರೇ ಅಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಬನಶಂಕರಿ ಎರಡನೇ ಹಂತದಲ್ಲಿ ತಂಗಿಯ ಜೊತೆ ಇದ್ದರು. ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ, ಹಣೆಯ ಮೇಲೆ ಮೂರೆಳೆ ವಿಭೂತಿ, ಅದರ ಕೆಳಗೆ ಕಣ್ಣು ಕಾಯುವ ಪ್ಲಾಸ್ಟಿಕ್ ಕನ್ನಡಕ. ಈ ವೇಷದಲ್ಲಿ, ಭಾನುವಾರದ ಶೂಟಿಂಗ್ ಪಂದ್ಯಕ್ಕೆ ತೀರ್ಪುಗಾರರಾಗಿ, ಕೈಯಲ್ಲಿ ಟೈಮರ್ ಹಿಡಿದು ನಿಂತರೆ ಹೊಸಬರು ಮೊದಲು ಮುಸಿಮುಸಿ ನಗುತ್ತಿದ್ದರು. ಅವರ ದನಿ ಕೇಳಿದ ಮೇಲೆ ಯಾರೂ ನಗುತ್ತಿರಲಿಲ್ಲ.

ನಾನು ಜೆ.ಪಿ. ನಗರದ ಒಬ್ಬ ಆರ್ಕಿಟೆಕ್ಟ್ ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುವವಳು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕತ್ತು ಹಿಡಿದುಕೊಂಡು ಒದ್ದಾಡುತ್ತಿದ್ದಾಗ, ಕಾಲೇಜಿನಿಂದ ಗೊತ್ತಿದ್ದ ಪ್ರಕಾಶ, “ಭಾನುವಾರ ನನ್ ಜೊತೆ ಬಾ, ಕತ್ತು ಹಿಡಿದಿರೋದು ಬಿಟ್ಟುಹೋಗತ್ತೆ” ಎಂದು ಕರೆದುಕೊಂಡು ಹೋದ. ಅವನು ಹಲ್ಲಿನ ಡಾಕ್ಟರು. ನಾನು ಯೋಗ ಕ್ಲಾಸಿರಬೇಕು ಅಂದುಕೊಂಡಿದ್ದೆ. ಹೋಗಿ ನೋಡಿದರೆ ವಸಂತಪುರದ ಆಚೆ, ಹಿಂದೆ ಗ್ರಾನೈಟ್ ಪಾಲಿಶ್ ಮಾಡುತ್ತಿದ್ದ ಒಂದು ದೊಡ್ಡ ಶೆಡ್ಡು. ಒಳಗೆ ರಟ್ಟಿನ ಆಳುಗಳು, ಮರದ ಅಡ್ಡಗೋಡೆಗಳು, ಸಾಲಾಗಿ ನಿಲ್ಲಿಸಿದ ಕಬ್ಬಿಣದ ತಟ್ಟೆಗಳು. ಇಪ್ಪತ್ತು ಜನ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಗ್ಯಾಸಿನಿಂದ ಪುಟ್ಟ ಪೆಲೆಟ್ ಗುಂಡು ಹಾರಿಸುವ ಪಿಸ್ತೂಲುಗಳು ಅವು. ಪ್ರಾಣ ಹೋಗುವುದಿಲ್ಲ, ಆದರೆ ಕಣ್ಣು ಹೋಗುತ್ತದೆ. ಮೇಡಂ ನನಗೆ ಹೇಳಿದ ಮೊದಲ ಮಾತೇ ಅದು.

“ನಿಂಗೆ ಎಷ್ಟು ಕಣ್ಣಿದೆ?”

“ಎರಡು, ಮೇಡಂ.”

“ಇಲ್ಲಿರೋ ಪ್ರತಿಯೊಬ್ರಿಗೂ ಎರಡಿದೆ. ವಾಪಸ್ ಹೋಗುವಾಗ್ಲೂ ಎರಡಿರ್ಬೇಕು. ಅದು ನಿನ್ ಕೆಲ್ಸ, ನನ್ ಕೆಲ್ಸ. ಗುರಿ ಆಮೇಲೆ.”

ಪಂದ್ಯಗಳು ನಾಲ್ಕು ಬಗೆ. ನನಗೆ ಒಂದೂ ಗೊತ್ತಿರಲಿಲ್ಲ. ಪಂದ್ಯ ಮುಗಿದ ಮೇಲೆ ಕೋಣನಕುಂಟೆಯ ಒಂದು ದರ್ಶಿನಿಯಲ್ಲಿ, ನಿಂತುಕೊಂಡೇ ಇಡ್ಲಿ ತಿನ್ನುತ್ತ ಅವರು ಅದನ್ನೆಲ್ಲ ಬಿಡಿಸಿ ಹೇಳಿದರು. ಎನ್.ಸಿ.ಸಿ. ಕಾಲದಿಂದ ಅವರು ಕಲಿತದ್ದು ನಿಂತ ಕಡೆ ನಿಂತು ಒಂದೇ ಕೈಯಲ್ಲಿ ಹೊಡೆಯುವ ಪಂದ್ಯ. ಹತ್ತು ಮೀಟರ್ ದೂರದ ಕಾಗದ, ನಡುವೆ ಒಂದು ಕಪ್ಪು ಚುಕ್ಕೆ. “ಅದು ಪೂಜೆಗೆ ಕೂತ ಹಾಗೆ. ಮನೆಗೆ ಯಾರು ಬಂದ್ರು, ಯಾರು ಹೋದ್ರು ಗೊತ್ತಾಗಬಾರದು. ನಂಗೆ ಹೊಂದ್ಕೊಳ್ತು, ಒಂಟಿ ಹೆಂಗಸು ನೋಡು” ಎಂದು ನಕ್ಕರು.

ಉಳಿದ ಮೂರೂ ಓಡಾಟದವು, ಅವಸರದವು. ಐವತ್ತು ದಾಟಿದ ಮೇಲೆ ಅವರಿಗೆ ಇದರ ಹುಚ್ಚು ಹಿಡಿದದ್ದಂತೆ. ಒಂದರಲ್ಲಿ ಎಲ್ಲಿಂದ ಎಲ್ಲಿಗೆ ಓಡಬೇಕು, ಯಾವ ರಟ್ಟಿಗೆ ಮೊದಲು ಹೊಡೆಯಬೇಕು ಅನ್ನುವುದು ಆಡುವವರಿಗೇ ಬಿಟ್ಟದ್ದು. ಬಂದ ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ನಿಧಾನಕ್ಕೆ ಚೆನ್ನಾಗಿ ಹೊಡೆದರೂ ಸೋಲು, ಬೇಗ ಕೆಟ್ಟದಾಗಿ ಹೊಡೆದರೂ ಸೋಲು. “ಸಂಜೆ ಅಂಗಡಿ ಎತ್ತೋ ಹೊತ್ತಿಗೆ ಮಾರ್ಕೆಟ್‌ಗೆ ನುಗ್ಗಿದ ಹಾಗೆ. ಯಾವ ಸೊಪ್ಪು ಬಿಡ್ಬೇಕು, ಯಾವುದಕ್ಕೆ ಕೈ ಹಾಕ್ಬೇಕು ಅಂತ ಓಡ್ತಾ ಓಡ್ತಾ ತೀರ್ಮಾನ ಮಾಡ್ಬೇಕು.” ಇನ್ನೊಂದರಲ್ಲಿ ಆ ಸ್ವಾತಂತ್ರ್ಯ ಇಲ್ಲ. ಪಿಸ್ತೂಲನ್ನು ಅಂಗಿಯ ಕೆಳಗೆ ಮುಚ್ಚಿಟ್ಟುಕೊಂಡಿರಬೇಕು, ಗೋಡೆಯ ಮರೆಯಿಂದ ಇಣುಕಿ ಹೊಡೆಯಬೇಕು, ಹತ್ತಿರ ಇರುವುದಕ್ಕೆ ಮೊದಲು, ದೂರದ್ದಕ್ಕೆ ಆಮೇಲೆ. ಏಟು ಆಚೀಚೆ ಹೋದಷ್ಟೂ ನಿಮ್ಮ ಸಮಯಕ್ಕೆ ಸೆಕೆಂಡು ಸೇರಿಸುತ್ತ ಹೋಗುತ್ತಾರೆ. “ಇದು ರಿಂಗ್ ರೋಡ್ ದಾಟೋದು. ಹತ್ತಿರ ಬರ್ತಿರೋ ಬಸ್ಸನ್ನ ಬಿಟ್ಟು ದೂರದ ಲಾರಿ ನೋಡ್ತಾ ನಿಂತ್ರೆ ಮುಗೀತು ಕಥೆ.” ಕೊನೆಯದು ತಟ್ಟೆ ಪಂದ್ಯ. ಓಟವಿಲ್ಲ, ಲೆಕ್ಕವಿಲ್ಲ. ಐದು ಕಬ್ಬಿಣದ ತಟ್ಟೆ, ಠಣ್ ಠಣ್ ಎಂದು ಐದಕ್ಕೂ ಹೊಡೆಯುವುದು, ಎಷ್ಟು ಸೆಕೆಂಡಾಯಿತು ಅನ್ನುವುದೊಂದೇ ಪ್ರಶ್ನೆ. ಅದಕ್ಕೆ ಅವರು ಇಟ್ಟ ಹೆಸರು ಒಗ್ಗರಣೆ. “ಸಾಸಿವೆ ಸಿಡಿಯೋಕೆ ಶುರುವಾದ ಮೇಲೆ ಕರಿಬೇವು ಹುಡುಕ್ತಾ ಹೋಗೋಕಾಗತ್ತಾ?”

ಯಾವುದು ಹೆಚ್ಚು ಎಂಬ ಜಗಳ ಪ್ರತಿ ಭಾನುವಾರ ನಡೆಯುತ್ತಿತ್ತು. ಓಟದವರು ಮರೆಯವರನ್ನು ‘ರೂಲ್ ಬುಕ್ಕುಗಳು’ ಅನ್ನುತ್ತಿದ್ದರು, ಮರೆಯವರು ಓಟದವರನ್ನು ‘ಸರ್ಕಸ್’ ಅನ್ನುತ್ತಿದ್ದರು. ಪ್ರಕಾಶ ಮರೆಯವನು, ನಾನು ಓಟದವಳು. ಮೇಡಂ ಯಾರ ಪರವೂ ಮಾತಾಡುತ್ತಿರಲಿಲ್ಲ. ಒಮ್ಮೆ ನಾನು ಬಿಡದೆ ಕೇಳಿದ್ದಕ್ಕೆ ಹೇಳಿದರು: “ಮರೆ ಪಂದ್ಯದಲ್ಲಿ ಮನುಷ್ಯನ ಭಯ ಕಾಣತ್ತೆ ಕಣೇ. ಓಟದ್ದರಲ್ಲಿ ಆಸೆ ಕಾಣತ್ತೆ. ಭಯ ಇರೋರನ್ನ ನೋಡ್ಕೊಳ್ಳೋದು ಸುಲಭ, ಆಸೆ ಇರೋರ ಹಿಂದೆ ನಾನು ಸ್ವಲ್ಪ ಹತ್ತಿರ ನಿಲ್ತೀನಿ.” ನಾನು ಹೊಡೆಯುವಾಗ ಅವರು ನನ್ನ ಬೆನ್ನಿಗೆ ಅಂಟಿದಂತೇ ನಿಂತಿರುತ್ತಿದ್ದರು. ಅದು ನನಗೆ ಗೊತ್ತಿತ್ತು.

ಆದೇಶಗಳನ್ನು ಅವರು ಕನ್ನಡದಲ್ಲೇ ಕೊಡುತ್ತಿದ್ದರು. “ತುಂಬಿಸಿ.” “ರೆಡೀನಾ?” “ಇರಿ…” ಆಮೇಲೆ ಟೈಮರಿನ ಬೀಪ್. ಏನಾದರೂ ಎಡವಟ್ಟಾದರೆ “ನಿಲ್ಸಿ!” ಆ ಒಂದು ಮಾತಿಗೆ ಶೆಡ್ಡಿನ ತಗಡು ಝಣ್ಣೆನ್ನುತ್ತಿತ್ತು. ಯಾವ ಪಂದ್ಯವಾದರೂ ಸರಿ, ಎರಡು ನಿಯಮಕ್ಕೆ ವಿನಾಯಿತಿ ಇಲ್ಲ. ಓಡುವಾಗ ಬೆರಳು ಟ್ರಿಗರ್ ಮೇಲೆ ಇರಕೂಡದು. ಮೂತಿ ಯಾವಾಗಲೂ ಮುಂದಿನ ಗೋಡೆಯ ಕಡೆಗೇ ಇರಬೇಕು, ಪಕ್ಕದ ಗೆರೆ ದಾಟಿ ಜನ ಕೂತಿರುವ ಹಿಂಭಾಗಕ್ಕೆ ಒಂದು ಇಂಚೂ ತಿರುಗಕೂಡದು. ತಿರುಗಿದರೆ ಅವತ್ತಿನ ಆಟ ಮುಗಿಯಿತು, ಮನೆಗೆ. ಒಬ್ಬ ಪೊಲೀಸ್ ಅಧಿಕಾರಿಯನ್ನು ಹಾಗೆ ಮನೆಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಆತ, “ಇಪ್ಪತ್ತು ವರ್ಷದಿಂದ ಸೊಂಟದಲ್ಲಿ ಪಿಸ್ತೂಲ್ ಇಟ್ಕೊಂಡಿದೀನಿ ಮೇಡಂ” ಅಂದರು. “ಹೌದು ಸಾರ್, ಇವತ್ತು ಕೈಲಿ ಇಟ್ಕೊಂಡಿದ್ರಿ” ಅಂದರು ಇವರು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ನನ್ನನ್ನೂ ಮೊದಲ ಪಂದ್ಯದಲ್ಲೇ ಹೊರಗೆ ಹಾಕಿದ್ದರು. ನಾನು ಸ್ಕೂಟರ್ ಹತ್ತಿರ ನಿಂತು ಅಳುತ್ತಿದ್ದರೆ ಬಂದು, ಬೈ-ಟು ಕಾಫಿ ಕೊಡಿಸಿ, “ನಾನು ಯೋಚ್ನೆ ಮಾಡೋಕೆ ಶುರು ಮಾಡಿದ್ರೆ ಯಾರದ್ದೋ ಕಣ್ಣು ಹೋಗತ್ತೆ. ಅದಕ್ಕೇ ನಾನು ಯೋಚ್ನೆ ಮಾಡಲ್ಲ, ಕೂಗ್ತೀನಿ” ಅಂದರು.

ಇಂಥವರು ಕೂಗಲಿಲ್ಲ.

ಅವತ್ತು ವರ್ಷದ ದೊಡ್ಡ ಪಂದ್ಯ. ಎಂದಿನಂತೆ ಪ್ರಕಾಶ ತನ್ನ ಕಾರಿನಲ್ಲಿ ಮೇಡಂ ಅವರನ್ನು ಕರೆತಂದ. ಇಳಿಯುವಾಗ ಅವರ ಎಡ ಭುಜ ಬಾಗಿಲಿಗೆ ಬಡಿಯಿತು. ಅವರು ಅದನ್ನು ಗಮನಿಸದವರಂತೆ ಒಳಗೆ ನಡೆದರು. ಹಣೆಯ ವಿಭೂತಿ ಬಲಗಡೆಯಿಂದ ಶುರುವಾಗಿ ನಟ್ಟನಡುವೆ ನಿಂತುಬಿಟ್ಟಿತ್ತು. ಬೆವರು ಒರೆಸಿಕೊಂಡಿರಬೇಕು ಎಂದುಕೊಂಡೆ. ತಟ್ಟೆಗಳಿಗೆ ಅವರೇ ಬಿಳಿ ಬಣ್ಣ ಹೊಡೆದರು, ಎಡಗಡೆಯ ಎರಡನ್ನು ಹಾಗೇ ಬಿಟ್ಟಿದ್ದರು. “ಮೇಡಂ, ಬಣ್ಣ ಖಾಲಿನಾ?” ಎಂದು ಯಾರೋ ತಮಾಷೆ ಮಾಡಿದರು. ಮೇಡಂ ಆ ಕಡೆ ತಿರುಗಿ, ತುಂಬ ಹೊತ್ತು ನೋಡಿ, ಬ್ರಶ್ ತೆಗೆದುಕೊಂಡು ಹೋದರು. ಇಷ್ಟನ್ನೂ ನಾನು ನೋಡಿದ್ದೆ. ನೋಡಿಯೂ ನನ್ನ ತಲೆಯಲ್ಲಿದ್ದದ್ದು ಓಟದ ಪಂದ್ಯದ ದಾರಿ ಮಾತ್ರ. ಬಲಗಡೆಯಿಂದ ಶುರು, ಮೂರು ರಟ್ಟು, ಎಡಕ್ಕೆ ಓಡುತ್ತ ಗುಂಡಿನ ಮ್ಯಾಗಜೀನ್ ಬದಲಾಯಿಸುವುದು, ಮತ್ತೆ ನಾಲ್ಕು.

ಬೀಪ್ ಆಯಿತು. ಮೂರು ರಟ್ಟಿಗೂ ಏಟು ಸೊಗಸಾಗಿ ಬಿತ್ತು. ಎಡಕ್ಕೆ ಓಡುತ್ತ ಖಾಲಿ ಮ್ಯಾಗಜೀನ್ ಉದುರಿಸಿ ಹೊಸದನ್ನು ಹಾಕುವಾಗ, ಮೈ ತಿರುಗಿದ ಜೋರಿಗೆ ಕೈಯೂ ತಿರುಗಿತು. ಪಿಸ್ತೂಲಿನ ಮೂತಿ ಗೆರೆ ದಾಟಿ ಹಿಂದಕ್ಕೆ ಹೋಯಿತು. ಆ ಮೂತಿಯ ನೇರಕ್ಕೆ, ಎಡ ಮೂಲೆಯ ಬೆಂಚಿನ ಮೇಲೆ ಪ್ರಕಾಶ ಕೂತಿದ್ದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಅವನ ಬರಿಗಣ್ಣು ನನಗೆ ಸ್ಪಷ್ಟವಾಗಿ ಕಂಡಿತು. ಒಂದು ಸೆಕೆಂಡೂ ಇರಲಿಲ್ಲ ಅದು. ಬೆರಳು ಹೊರಗಿತ್ತು, ಗುಂಡು ಹಾರಲಿಲ್ಲ. ನಾನು ಮೈಯೆಲ್ಲ ಬಿಗಿಹಿಡಿದು ಆ ಕೂಗಿಗೆ ಕಾದೆ. ಬರಲಿಲ್ಲ. ಕಾಲುಗಳು ಓಡುತ್ತಲೇ ಇದ್ದವು. ನಾಲ್ಕು ರಟ್ಟಿಗೂ ಹೊಡೆದು ಮುಗಿಸಿದೆ.

“ಹದಿನೆಂಟು ಪಾಯಿಂಟ್ ನಾಲ್ಕು ಸೆಕೆಂಡು” ಎಂದು ಮೇಡಂ ಓದಿದರು. ಎಲ್ಲರ ಕಣ್ಣೂ ರಟ್ಟುಗಳ ಮೇಲಿದ್ದುದರಿಂದ ನನ್ನ ತಪ್ಪನ್ನು ಯಾರೂ ನೋಡಿರಲಿಲ್ಲ. ಚಪ್ಪಾಳೆ ಬಿತ್ತು. “ಸಖತ್, ಗುರು!” ಎಂದು ಪ್ರಕಾಶನೇ ಬಂದು ಬೆನ್ನು ತಟ್ಟಿದ. ನಾಲ್ಕು ವರ್ಷದಲ್ಲಿ ಮೊದಲ ಬಾರಿ ನಾನು ಮುಂದಿದ್ದೆ, ಅವನು ಎರಡನೆಯವನು.

ಈಗ ಹೇಳಬೇಕಾದ್ದು ಆಮೇಲಿನ ಇಪ್ಪತ್ತು ನಿಮಿಷ. ನಾನು ಸುಮ್ಮನಿದ್ದೆ. ಮೇಡಂ ನೋಡಿದ್ದಾರೆ, ನೋಡಿ ಬಿಟ್ಟಿದ್ದಾರೆ, ನನ್ನ ಮೇಲೆ ಅಷ್ಟು ಪ್ರೀತಿ ಇದೆ ಎಂದುಕೊಂಡೆ. ಹಾಗೆ ಅಂದುಕೊಂಡು ಖುಷಿಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಟೀ ಬಂತು, ಕುಡಿದೆ. ಯಾರದೋ ಫೋನಿಗೆ ನಿಂತು ಫೋಟೋ ತೆಗೆಸಿಕೊಂಡೆ. ಆದರೆ ಮೇಡಂ ಯಾರನ್ನೂ ಬಿಟ್ಟವರಲ್ಲ. ಹಾಗಿದ್ದರೆ ನನ್ನನ್ನು ಹೇಗೆ ಬಿಟ್ಟರು? ಅಷ್ಟರಲ್ಲಿ ಅವರು ಟೀ ಲೋಟವನ್ನು ಮೇಜಿನ ಮೇಲಿಡಲು ಹೋದರು. ಲೋಟ ಮೇಜಿನ ಎಡ ಅಂಚಿನಾಚೆ, ಬರೀ ಗಾಳಿಯಲ್ಲಿ ಇಟ್ಟಂತಾಗಿ ಕೆಳಗೆ ಬಿತ್ತು. ಎಲ್ಲರೂ ನಕ್ಕರು. ಮೇಡಂ ಲೋಟ ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದರು, ಬಲಗಡೆಗೆ.

ಅವರು ನನ್ನ ತಪ್ಪನ್ನು ಬಿಟ್ಟಿರಲಿಲ್ಲ. ಅದು ಅವರಿಗೆ ಕಂಡೇ ಇರಲಿಲ್ಲ.

ಪ್ರಕಾಶನ ತೋಳು ಹಿಡಿದು ಎಳೆದೆ. “ನಾನು ಮ್ಯಾಗಜೀನ್ ಹಾಕುವಾಗ ಪಿಸ್ತೂಲು ನಿನ್ನ ಮುಖದ ಕಡೆ ತಿರುಗಿತ್ತು. ಮೇಡಂ ಏನೂ ಅನ್ನಲಿಲ್ಲ.”

“ಹೋಗ್ಲಿ ಬಿಡು, ಏನೂ ಆಗಲಿಲ್ವಲ್ಲ” ಎಂದು ಅವನು ನಗಲು ಹೋದ. ನಗು ಅರ್ಧಕ್ಕೇ ನಿಂತಿತು. “ಮೇಡಂ ಅನ್ನಲಿಲ್ವಾ?”

ಲೋಟ ಕೈಬಿಟ್ಟು ಓಡಿದ. “ಮೇಡಂ, ಸ್ವಲ್ಪ ನಗಿ.”

“ನಗೋವಂಥದ್ದು ಏನಾಯ್ತು ಈಗ?”

“ನಗಿ ಮೇಡಂ, ದಯವಿಟ್ಟು.”

ಅವರು ನಕ್ಕರು. ತುಟಿಯ ಬಲ ತುದಿ ಮೇಲೇರಿತು, ಎಡ ತುದಿ ಏಳಲಿಲ್ಲ. “ಸ್ಟ್ರೋಕು” ಎಂದು ನನ್ನ ಕಿವಿಯಲ್ಲಿ ಹೇಳಿ ಪ್ರಕಾಶ ಕಾರಿನ ಕಡೆ ಓಡಿದ.

ಕನಕಪುರ ರಸ್ತೆಯಲ್ಲಿ ಪ್ರಕಾಶ ಹಾರ್ನ್ ಒತ್ತಿ ಹಿಡಿದೇ ಕಾರು ಓಡಿಸಿದ. ಹಿಂದಿನ ಸೀಟಿನಲ್ಲಿ ಮೇಡಂ ನನ್ನ ಭುಜಕ್ಕೆ ಒರಗಿದ್ದರು. “ರಟ್ಟಿನ ತೂತಿಗೆ ಟೇಪ್ ಅಂಟಿಸ್ಬೇಕು, ಇನ್ನೂ ಆರು ಜನ ಇದಾರೆ” ಎನ್ನುತ್ತಲೇ ಇದ್ದರು. ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದೊಯ್ದರು. ಒಂದು ಗಂಟೆ ಆದ ಮೇಲೆ ಡಾಕ್ಟರು ಹೊರಗೆ ಬಂದು ಹೇಳಿದರು, ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದಕ್ಕೇ ಮೈಯ ಎಡಗಡೆ ಸೋತಿದೆ, ಎಡಗಡೆಯದು ಕಾಣುತ್ತಿಲ್ಲ, ಪ್ರಾಣಕ್ಕೆ ತೊಂದರೆ ಇಲ್ಲ. “ಹೆಪ್ಪು ಕರಗಿಸೋ ಇಂಜೆಕ್ಷನ್ ಒಂದಿದೆ. ಅದನ್ನ ಕೊಡೋ ಟೈಮ್ ದಾಟಿಹೋಗಿದೆ. ಬೇಗ ಬಂದಿದ್ರೆ ನೋಡಬಹುದಿತ್ತು.”

ಬೇಗ ಬಂದಿದ್ದರೆ! ನನ್ನ ಲೆಕ್ಕದಲ್ಲಿ ಆ ‘ಬೇಗ’ ಅಂದರೆ ಇಪ್ಪತ್ತು ನಿಮಿಷ. ನಾನು ಟೀ ಕುಡಿದ, ಫೋಟೋ ತೆಗೆಸಿಕೊಂಡ ಇಪ್ಪತ್ತು ನಿಮಿಷ.

ಎರಡು ತಿಂಗಳು ನಾನು ಆ ಮನೆಯ ಕಡೆ ತಲೆ ಹಾಕಲಿಲ್ಲ. ಆಫೀಸಿನಲ್ಲಿ ಗೋಡೆಯ ಗೆರೆ ಎಳೆಯುತ್ತ ಕೈ ನಿಂತುಬಿಡುತ್ತಿತ್ತು. ನನ್ನ ತಪ್ಪಿನ ವಿಷಯ ಪ್ರಕಾಶ ಯಾರಿಗೂ ಹೇಳಿರಲಿಲ್ಲ. ಪಂದ್ಯ ಅರ್ಧಕ್ಕೇ ನಿಂತಿದ್ದರೂ ಗೆದ್ದವರ ಪಟ್ಟಿಯಲ್ಲಿ ನನ್ನ ಹೆಸರು ಮೊದಲನೆಯದಾಗಿಯೇ ಇತ್ತು. ಕೊನೆಗೊಂದು ಬೆಳಗ್ಗೆ ಅವನೇ ಬಂದು, “ಮೇಡಂ ನಿನ್ನ ಕೇಳ್ತಿದಾರೆ. ಹೋಗ್ದಿದ್ರೆ ನೀನು ಮನುಷ್ಯಳೇ ಅಲ್ಲ” ಅಂದ.

ಹೋದೆ. ತಂಗಿ ಬಾಗಿಲು ತೆರೆದು, ಕಾಫಿ ಮಾಡಲು ಒಳಗೆ ಹೋದರು. ಮೇಡಂ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಎಡಗೈ ಮಡಿಲಲ್ಲಿ, ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿತ್ತು. ನಾನು ಎಡಗಡೆ ನಿಂತಿದ್ದರಿಂದ ನನ್ನನ್ನು ನೋಡಲಿಲ್ಲ. ಸುತ್ತಿ ಬಲಗಡೆಗೆ ಬಂದೆ. “ಬಂದ್ಯಾ?” ಅಂದರು. ಮಾತು ಸ್ವಲ್ಪ ತೊದಲುತ್ತಿತ್ತು.

ಕೂರದೆ, ನಿಂತೇ ಎಲ್ಲ ಹೇಳಿಬಿಟ್ಟೆ. ಮೂತಿ ತಿರುಗಿದ್ದು, ಪ್ರಕಾಶನ ಬರಿಗಣ್ಣು, ಚಪ್ಪಾಳೆ, ಟೀ. “ಇಪ್ಪತ್ತು ನಿಮಿಷ ಸುಮ್ಮನಿದ್ದೆ ಮೇಡಂ. ಗೆದ್ದಿದ್ದು ಬಿಡೋಕೆ ಮನಸ್ಸಾಗಲಿಲ್ಲ. ಬಾಯಿ ಬಿಟ್ಟಿದ್ರೆ ನಿಮ್ಗೆ ಇಂಜೆಕ್ಷನ್ ಸಿಗ್ತಿತ್ತು. ನಿಮ್ಮ ಈ ಕೈ…”

ಅವರು ಬೈಯಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಬೆಳಗ್ಗೆ ಆರು ಗಂಟೆಗೇ ಹೋಗಿತ್ತು ಕಣೇ.”

ನನಗೆ ಅರ್ಥವಾಗಲಿಲ್ಲ.

“ಕನ್ನಡಿ ಮುಂದೆ ವಿಭೂತಿ ಇಟ್ಕೊಳ್ತಿದ್ದೆ. ನನ್ನ ಮುಖ ಅರ್ಧ ಇರ್ಲಿಲ್ಲ. ಕತ್ತಲೆ ಅಲ್ಲ, ಮಸುಕೂ ಅಲ್ಲ. ಇರ್ಲೇ ಇಲ್ಲ. ಕಾಫಿ ಕುಡಿದ್ರೆ ಸರಿಹೋಗತ್ತೆ ಅಂದ್ಕೊಂಡೆ. ಸರಿಹೋಗ್ಲಿಲ್ಲ. ತಂಗಿಗೆ ಹೇಳಿದ್ರೆ ಆಸ್ಪತ್ರೆ ಅಂತಾಳೆ, ಪ್ರಕಾಶಂಗೆ ಹೇಳಿದ್ರೆ ಪಂದ್ಯ ನಿಲ್ಸ್ತಾನೆ. ಆಮೇಲೆ ಇನ್ಯಾವತ್ತೂ ನನ್ನ ಕೈಗೆ ಟೈಮರ್ ಕೊಡಲ್ಲ. ಇವತ್ತೊಂದು ದಿನ ಕಳೀಲಿ ಅಂತ ಸುಮ್ಮನಿದ್ದೆ.” ಮಡಿಲಿನ ಎಡಗೈಯನ್ನು ಬಲಗೈಯಿಂದ ಸರಿಮಾಡಿಕೊಂಡು ಹೇಳಿದರು: “ಆಸ್ಪತ್ರೆಗೆ ಹೋದ ತಕ್ಷಣ ಡಾಕ್ಟರಿಗೆ ಆರು ಗಂಟೆ ಅಂತ ನಿಜ ಹೇಳ್ದೆ. ಅದಕ್ಕೇ ಇಂಜೆಕ್ಷನ್ ಕೊಡ್ಲಿಲ್ಲ. ನಿನ್ನ ಇಪ್ಪತ್ತು ನಿಮಿಷದಿಂದ ಅಲ್ಲ. ನಂದು ಐದು ಗಂಟೆ.”

ಎರಡು ತಿಂಗಳು ಹೊತ್ತ ಭಾರ ಇಳಿದಾಗ ಹಗುರಾಗಬೇಕಿತ್ತು. ಆಗಲಿಲ್ಲ. ಅರ್ಧ ಲೋಕ ಕಾಣದ ಕಣ್ಣಿಟ್ಟುಕೊಂಡು ಅವರು ಅವತ್ತು ಹದಿನಾಲ್ಕು ಜನರ ಹಿಂದೆ ನಿಂತಿದ್ದರು. ಎರಡು ಕಣ್ಣಿನ ಲೆಕ್ಕ ಕೇಳಿ ನನ್ನನ್ನು ಒಳಗೆ ಬಿಟ್ಟುಕೊಂಡ ಅದೇ ಹೆಂಗಸು. ನನಗೆ ಸಿಟ್ಟು ಬಂತು. ಅವರ ಮಡಿಲಿನ ಕೈ ನೋಡಿ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

“ಓಟದ ಪಂದ್ಯದಲ್ಲಿ ಆಸೆ ಕಾಣತ್ತೆ ಅಂತ ನಾನು ನಿಂಗೆ ಹೇಳ್ತಿದ್ದೆ” ಅಂದರು. “ನನ್ನ ಹಿಂದೆ ಯಾರೂ ನಿಂತಿರ್ಲಿಲ್ಲ ನೋಡು.”

“ಹೋಗ್ಲಿ ಬಿಡಿ ಮೇಡಂ. ಯಾರಿಗೂ ಏನೂ ಆಗಲಿಲ್ಲ. ಇದು ನಮ್ಮಿಬ್ಬರ ಮಧ್ಯೆನೇ ಇರ್ಲಿ.”

ಅವರು ತಲೆಯಾಡಿಸಿದರು. “ಯಾರಿಗೂ ಏನೂ ಆಗಲಿಲ್ಲ ಅನ್ನೋದು ನಾನು ಮಾಡಿದ್ದಲ್ಲ, ನೀನು ಮಾಡಿದ್ದೂ ಅಲ್ಲ. ಅಲ್ಲಿ ಪೇಪರ್ ಇದೆ, ತಗೊಂಬಾ. ಪಂದ್ಯದ ಕಮಿಟಿಗೆ ಬರೀಬೇಕು. ಬಲಗೈ ಗಟ್ಟಿಯಾಗೇ ಇದೆ.”

ಮೊಣಕಾಲಿನ ಮೇಲೆ ಒಂದು ರಟ್ಟು, ಅದರ ಮೇಲೆ ಬಿಳಿ ಹಾಳೆ ಇಟ್ಟುಕೊಟ್ಟೆ. ಅವರು ಬರೆಯತೊಡಗಿದರು. ಪೆನ್ನು ಹಾಳೆಯ ನಡುವಿನಲ್ಲಿ ಇಳಿಯಿತು. ಅಲ್ಲಿಂದ ಬಲ ಅಂಚಿನವರೆಗೆ ಹೋಗಿ ಮತ್ತೆ ನಡುವಿಗೇ ಬಂತು. ಪ್ರತಿ ಸಾಲೂ ಹಾಗೇ. ಬೆಳಗ್ಗೆ ಆರರಿಂದ ತನಗೆ ಎಡಗಡೆ ಕಾಣುತ್ತಿರಲಿಲ್ಲವೆಂದು, ಗೊತ್ತಿದ್ದೂ ಮುಚ್ಚಿಟ್ಟು ಪಂದ್ಯ ನಡೆಸಿದೆನೆಂದು, ಇನ್ನು ಮುಂದೆ ತನ್ನನ್ನು ಆ ಜಾಗದಲ್ಲಿ ನಿಲ್ಲಿಸಬಾರದೆಂದು ಬರೆದರು. ಅಕ್ಷರ ಮುತ್ತಿನಂತಿತ್ತು. ಎಡಗಡೆಯ ಅರ್ಧ ಹಾಳೆಗೆ ಪೆನ್ನು ಒಮ್ಮೆಯೂ ತಾಗಿರಲಿಲ್ಲ. ಕೆಳಗೆ ಸಹಿ ಹಾಕಿ ನನ್ನ ಕಡೆ ಚಾಚಿದರು.

“ಸರಿಯಾಗಿದೆಯಾ?”

ಸರಿಯಾಗಿದೆ ಎಂದು ಹೇಳಿಬಿಡಬಹುದಿತ್ತು. ಒಳಗೆ ತಂಗಿ ಕಾಫಿ ಸೋಸುತ್ತಿದ್ದ ಸದ್ದು ಕೇಳುತ್ತಿತ್ತು.

“ಇಲ್ಲ ಮೇಡಂ. ಎಡಗಡೆ ಅರ್ಧ ಹಾಳೆ ಖಾಲಿ ಇದೆ.”

ಅವರು ಬೆಚ್ಚಿದರು. ಅವರ ಮುಖದಲ್ಲಿ ಅಂಥ ದಿಗಿಲನ್ನು ನಾನು ಯಾವತ್ತೂ ಕಂಡಿರಲಿಲ್ಲ. ಹಾಳೆಯನ್ನು ವಾಪಸ್ ತೆಗೆದುಕೊಂಡು, ಕತ್ತನ್ನು ಎಡಕ್ಕೆ ತಿರುಗಿಸುತ್ತ, ತಿರುಗಿಸುತ್ತ, ಕೊನೆಗೆ ಆ ಬಿಳಿ ಜಾಗವನ್ನು ಕಂಡರು. ಬಲಗೈ ಬೆರಳಿನಿಂದ ಅದನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ಸವರಿದರು.

ಆಮೇಲೆ ಪೆನ್ನನ್ನು ನನಗೆ ಕೊಟ್ಟರು.

“ಒಳ್ಳೇದೇ ಆಯ್ತು. ಅಲ್ಲಿ ನೀನು ನಿಂದು ಬರಿ.”

ನಾನು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಹೆಸರಿನಿಂದ ಶುರು ಮಾಡಿದೆ.